ಸಿಯೆನಾದ ಪಾಲಿಯೋ ಕುದುರೆ ಓಟ: ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಗೆ ಹೊರಟ ಬಂಧುಗಳು, ಗೆಳೆಯರು, ಗೆಳೆಯರ ಗೆಳೆಯರು ಫೋನಿನಲ್ಲೂ ಪತ್ರದಲ್ಲೂ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಮೊದಲ ಸಲ ಹೋಗುವವರಿಗೆ ಬೇಕಾದ್ದು ಮೇಲೆ, ಪಾಲಿಯೋ ಹುಚ್ಚು ಹತ್ತಿದವರಿಗೆ ಬೇಕಾದ್ದು ಕೆಳಗೆ.

## ಹೊರಡುವ ಮುಂಚೆ

"ಪಾಲಿಯೋ ಅಂದ್ರೆ ನಮ್ಮ ಬೆಂಗಳೂರು ಟರ್ಫ್ ಕ್ಲಬ್ ರೇಸ್ ಥರಾನೇ ಅಲ್ವಾ?"

ಕುದುರೆ ಓಡುತ್ತದೆ ಅನ್ನುವುದೊಂದು ಬಿಟ್ಟರೆ ಬೇರೆ ಏನೂ ಹೋಲುವುದಿಲ್ಲ. ಸಿಯೆನಾ ಟಸ್ಕನಿಯಲ್ಲಿ, ಫ್ಲಾರೆನ್ಸಿನ ದಕ್ಷಿಣಕ್ಕೆ, ಗುಡ್ಡದ ಮೇಲಿರುವ ಹಳೆಯ ಊರು. ಊರೊಳಗೆ 17 ಕೇರಿಗಳಿವೆ. ಅಲ್ಲಿಯವರು ಕೊಂತ್ರಾದಾ ಎನ್ನುತ್ತಾರೆ. ಹೆಬ್ಬಾತು, ಆಮೆ, ಬಸವನಹುಳು, ಮುಳ್ಳುಹಂದಿ, ಕಂಬಳಿಹುಳು, ಗೂಬೆ, ಜಿರಾಫೆ, ಗೋಪುರ, ಅಲೆ, ಹೀಗೆ ಒಂದೊಂದಕ್ಕೆ ಒಂದು ಹೆಸರು, ಒಂದು ಬಾವುಟ. ಪ್ರತಿ ಕೇರಿಗೂ ಸ್ವಂತ ಚರ್ಚು, ಸ್ವಂತ ಮ್ಯೂಸಿಯಂ, ಕೂಸುಗಳಿಗೆ ಕೇರಿಯ ದೀಕ್ಷೆ ಕೊಡಲು ಸ್ವಂತ ಕಾರಂಜಿ. ಯಾವ ಓಣಿ ಯಾರದ್ದು ಎಂದು 1729ರಲ್ಲಿ ಆಗಿನ ಆಡಳಿತಗಾರ್ತಿ ವಿಯೊಲಾಂತೆ ಬೆಯಾತ್ರಿಚೆ ಗೆರೆ ಎಳೆದದ್ದು ಇವತ್ತಿಗೂ ಜಾರಿಯಲ್ಲಿದೆ.

ಓಟ ನಡೆಯುವುದು ಊರ ನಡುವಿನ ಪಿಯಾತ್ಸಾ ದೆಲ್ ಕಾಂಪೋ ಎಂಬ ಚೌಕದಲ್ಲಿ. ಚೌಕದ ಸುತ್ತಲ ಕಲ್ಲುಹಾಸಿನ ಮೇಲೆ ಮಣ್ಣು ಹಾಸಿ, ಬಡಿದು ಗಟ್ಟಿಮಾಡಿ ಹಾದಿ ಮಾಡುತ್ತಾರೆ. ಜೀನು ಇಲ್ಲದ ಬರಿಬೆನ್ನಿನ ಮೇಲೆ ಸವಾರಿ. ಮೂರು ಸುತ್ತು, ಒಟ್ಟು ಸುಮಾರು ಒಂದು ಕಿಲೋಮೀಟರು, ಸಮಯ ಹೆಚ್ಚೆಂದರೆ ಒಂದೂವರೆ ನಿಮಿಷ. ಬುಕ್ಕಿಗಳಿಲ್ಲ, ಬೆಟ್ಟಿಂಗ್ ಕೌಂಟರ್ ಇಲ್ಲ.

"ಇದು ನಿಜವಾಗ್ಲೂ ಹಳೇದಾ, ಇಲ್ಲಾ ಟೂರಿಸ್ಟ್‌ಗಳಿಗೋಸ್ಕರ ಮಾಡಿರೋದಾ?"

ಹಳೆಯದೇ. ಸಿಯೆನಾ 1555ರಲ್ಲಿ ಫ್ಲಾರೆನ್ಸಿಗೆ ಸೋತು ಸ್ವಾತಂತ್ರ್ಯ ಕಳೆದುಕೊಂಡಿತು. ಯುದ್ಧದಲ್ಲಿ ಮುಗಿದ ಜಿದ್ದು ಚೌಕದ ಆಟಗಳಲ್ಲಿ ಉಳಿಯಿತು. ಮೊದಲು ಗೂಳಿ ಕಾಳಗ ಇತ್ತು. ಅದು ನಿಂತ ಮೇಲೆ 17ನೇ ಶತಮಾನದ ಮೊದಲ ಅರ್ಧದಲ್ಲಿ ಇದೇ ಚೌಕದಲ್ಲಿ ಕೋಣಗಳನ್ನು ಓಡಿಸುತ್ತಿದ್ದರು. ಹೌದು, ಕೋಣಗಳನ್ನೇ. ಕರಾವಳಿಯವರು ಈ ಮಾತು ಕೇಳಿದ ತಕ್ಷಣ ನನ್ನ ಜೊತೆ ಅರ್ಧ ಗಂಟೆ ಹೆಚ್ಚು ಮಾತಾಡುತ್ತಾರೆ. ಕುದುರೆ ಬಂದದ್ದು ಆಮೇಲೆ. ಜುಲೈ ಓಟ 1656ರಿಂದ ನಡೆದುಬಂದಿದೆ, ಆಗಸ್ಟಿನದು ಅದರ ನಂತರ ಸೇರಿಕೊಂಡಿತು. ಎರಡು ಮಹಾಯುದ್ಧಗಳಲ್ಲಿ ನಿಂತಿತ್ತು, ಕೊರೋನಾದಿಂದ 2020, 2021ರಲ್ಲಿ ನಿಂತಿತು.

ಇದು ನಮಗಾಗಿ ನಡೆಯುವುದಲ್ಲ ಎನ್ನುವುದು ಅಲ್ಲಿ ಹೋದ ಹತ್ತು ನಿಮಿಷಕ್ಕೇ ಗೊತ್ತಾಗುತ್ತದೆ. ಯಾರೂ ನಮಗೆ ಏನನ್ನೂ ವಿವರಿಸುವುದಿಲ್ಲ. ಕೇರಿಯವರ ಕಣ್ಣಿಗೆ ನಾವು ಅಡ್ಡ ನಿಂತವರು, ಅಷ್ಟೇ. ನನಗೆ ಅದೇ ಇಷ್ಟ.

"ಡೇಟ್ ಪ್ರತಿವರ್ಷ ಬದಲಾಗುತ್ತಾ? ವೀಕೆಂಡಿಗೆ ಬರುತ್ತಾ?"

ದಿನಾಂಕ ಬದಲಾಗುವುದಿಲ್ಲ, ವಾರ ಯಾವುದಾದರೂ ಆಗಬಹುದು. ಜುಲೈ 2ರದ್ದು ಪ್ರೊವೆನ್‌ತ್ಸಾನೊ ಚರ್ಚಿನ ಮೇರಿಮಾತೆಯ ಹೆಸರಿನಲ್ಲಿ, ಆಗಸ್ಟ್ 16ರದ್ದು ಮೇರಿಯ ಸ್ವರ್ಗಾರೋಹಣದ ಹಬ್ಬದ ಮರುದಿನ. ಎಲ್ಲೋ ಒಮ್ಮೆ ವಿಶೇಷ ಪಾಲಿಯೋ ನಡೆಯುವುದುಂಟು: ಮನುಷ್ಯ ಚಂದ್ರನ ಮೇಲೆ ಇಳಿದ 1969ರಲ್ಲಿ, 2000ದಲ್ಲಿ, ಮೊದಲ ಮಹಾಯುದ್ಧ ಮುಗಿದು ನೂರು ವರ್ಷವಾದ 2018ರಲ್ಲಿ ಹಾಗೆ ನಡೆಯಿತು.

ಮಳೆ ಬಂದರೆ ಮಣ್ಣು ಜಾರುತ್ತದೆ, ಓಟ ಮುಂದಕ್ಕೆ ಹೋಗುತ್ತದೆ. ಪುರಭವನವಾದ ಪಲಾತ್ಸೊ ಪುಬ್ಲಿಕೊದ ಕಿಟಕಿಯಲ್ಲಿ ಹಸಿರು ಬಾವುಟ ಕಂಡರೆ ಅವತ್ತು ಓಟ ಇಲ್ಲ. 2024ರ ಜುಲೈ ಓಟ ಹೀಗೇ ಜಾರುತ್ತಾ 4ನೇ ತಾರೀಖಿಗೆ ನಡೆಯಿತು. ಆದ್ದರಿಂದ ವಾಪಸ್ ವಿಮಾನವನ್ನು ಮರುದಿನ ಬೆಳಿಗ್ಗೆಗೇ ಬುಕ್ ಮಾಡಬೇಡಿ.

"ತೊಂಬತ್ತು ಸೆಕೆಂಡಿಗೋಸ್ಕರ ಲಕ್ಷಾಂತರ ಖರ್ಚು ಮಾಡ್ಕೊಂಡು ಹೋಗ್ಬೇಕಾ?"

ತೊಂಬತ್ತು ಸೆಕೆಂಡಿಗಾಗಿಯೇ ಆದರೆ ಬೇಡ. ಮನೆಯಲ್ಲಿ ಕೂತು ಯೂಟ್ಯೂಬ್ ನೋಡಿ, ಕುದುರೆಗಳು ಅಲ್ಲೇ ಚೆನ್ನಾಗಿ ಕಾಣುತ್ತವೆ.

ಹಬ್ಬ ನಾಲ್ಕು ದಿನದ್ದು. ಜುಲೈ ಆದರೆ ಜೂನ್ 29ರಿಂದ, ಆಗಸ್ಟ್ ಆದರೆ 13ರಿಂದ. ಮೊದಲ ದಿನ ಬೆಳಿಗ್ಗೆ ಯಾವ ಕೇರಿಗೆ ಯಾವ ಕುದುರೆ ಎಂದು ಚೀಟಿ ಎತ್ತುತ್ತಾರೆ. ಒಳ್ಳೆಯ ಕುದುರೆ ಬಂದ ಕೇರಿಯವರು ಚೌಕದಲ್ಲೇ ಒಬ್ಬರ ಮೇಲೊಬ್ಬರು ಬಿದ್ದು ಅಳುತ್ತಾರೆ. ಪಕ್ಕದಲ್ಲೇ ಇನ್ನೊಂದು ಕೇರಿಯವರು ತುಟಿ ಬಿಗಿದು ತಮ್ಮ ಕುದುರೆಯ ಹಿಂದೆ ಮನೆ ಕಡೆ ನಡೆಯುತ್ತಾರೆ. ಆ ಸಂಜೆಯಿಂದ ಓಟದ ದಿನದ ಬೆಳಗಿನವರೆಗೆ ಆರು ಅಭ್ಯಾಸ ಓಟಗಳು. ಅದಕ್ಕೆ ಪ್ರೋವಾ ಎನ್ನುತ್ತಾರೆ. ಸಂಜೆಯ ಪ್ರೋವಾಕ್ಕೆ ಕೇರಿಗಳು ಹಾಡು ಹೇಳುತ್ತಾ, ಕುದುರೆಯನ್ನು ಮುಂದಿಟ್ಟುಕೊಂಡು ಚೌಕಕ್ಕೆ ಬರುತ್ತವೆ. ಪುಟ್ಟ ಮಕ್ಕಳನ್ನು ಪುರಭವನದ ಮುಂದಿನ ಮೆಟ್ಟಿಲು ಸೀಟುಗಳಲ್ಲಿ ಸಾಲಾಗಿ ಕೂರಿಸುತ್ತಾರೆ, ಅವರೂ ಗಂಟಲು ಹರಿಯುವಂತೆ ವೈರಿ ಕೇರಿಯನ್ನು ಛೇಡಿಸಿ ಹಾಡುತ್ತಾರೆ. ಕೊನೆಯ ದಿನ ಬೆಳಿಗ್ಗೆ ಸವಾರರಿಗಾಗಿ ಚೌಕದಲ್ಲೇ ಪೂಜೆ ನಡೆಯುತ್ತದೆ, ಮಧ್ಯಾಹ್ನ ಕುದುರೆಗೆ ಚರ್ಚಿನಲ್ಲಿ ಆಶೀರ್ವಾದ, ಸಂಜೆ ನೂರಾರು ಜನರ ಮೆರವಣಿಗೆ, ಅದರ ಕೊನೆಗೆ ಬಿಳಿ ಎತ್ತುಗಳು ಎಳೆಯುವ ಗಾಡಿಯಲ್ಲಿ ಬಹುಮಾನದ ಪತಾಕೆ.

ಓಟದ ದಿನ ಸಂಜೆಗೆ ಮಾತ್ರ ಹೋಗುವುದೆಂದರೆ ಮದುವೆಗೆ ಮುಹೂರ್ತದ ಹೊತ್ತಿಗೆ ಓಡಿಬಂದು, ಅಕ್ಷತೆ ಹಾಕಿ, ಊಟವನ್ನೂ ಮಾಡದೆ ಹೊರಟ ಹಾಗೆ. ಎಲ್ಲ ನಾಲ್ಕು ದಿನ ಆಗದಿದ್ದರೆ ಮೊದಲೆರಡು ದಿನ ಇರಿ, ಓಟವನ್ನು ಬಿಟ್ಟರೂ ಪರವಾಗಿಲ್ಲ. ನಾನು ಎಲ್ಲರಿಗೂ ಹೇಳುವುದು ಇದನ್ನೇ, ಕೇಳುವವರು ಕಡಿಮೆ.

"ಟಿಕೆಟ್ ಆನ್‌ಲೈನ್ ಸಿಗುತ್ತಾ? ಎಷ್ಟಾಗುತ್ತೆ?"

ಚೌಕದ ನಡುವೆ ನಿಂತು ನೋಡುವುದು ಪುಕ್ಕಟೆ, ಟಿಕೆಟ್ಟೇ ಇಲ್ಲ. ಅಂಚಿನ ಮೆಟ್ಟಿಲು ಸೀಟುಗಳು, ಕಿಟಕಿಗಳು, ಬಾಲ್ಕನಿಗಳು ದುಡ್ಡಿನವು. ಸೀಟುಗಳು ಹೆಚ್ಚಾಗಿ ಅವುಗಳ ಹಿಂದಿನ ಅಂಗಡಿ, ಹೋಟೆಲಿನವರ ಕೈಯಲ್ಲಿರುತ್ತವೆ, ಬಾಲ್ಕನಿ ಮನೆಯವರದ್ದು. ಓಟದ ದಿನ ಒಬ್ಬರಿಗೆ ನೂರಾರು ಯೂರೋ ಆಗುತ್ತದೆ, ತಿಂಗಳುಗಳ ಮುಂಚೆ ಹೇಳಿಡಬೇಕು. ಜಾಣತನ ಎಂದರೆ ಪ್ರೋವಾ ದಿನ ಅದೇ ಸೀಟನ್ನು ಬಹಳ ಕಡಿಮೆಗೆ ತೆಗೆದುಕೊಳ್ಳುವುದು. ಅದೇ ಕುದುರೆ, ಅದೇ ಸವಾರ, ಅದೇ ತಿರುವು.

"ವೀಸಾ, ರೂಮು, ಬಸ್ಸು, ಇದೆಲ್ಲಾ ಹೇಗೆ?"

ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಮಾರ್ಚಿನಲ್ಲೇ ಮುಗಿಸಿಬಿಡಿ. ಫ್ಲಾರೆನ್ಸಿನಿಂದ ಬಸ್ಸು ಒಂದೂಕಾಲು ಗಂಟೆ, ರೈಲು ಒಂದೂವರೆ ಗಂಟೆಯ ಆಸುಪಾಸು. ಬಸ್ಸು ಹಳೆಯ ಊರಿನ ಅಂಚಿಗೇ ಬಿಡುತ್ತದೆ. ರೈಲು ನಿಲ್ದಾಣ ಗುಡ್ಡದ ಬುಡದಲ್ಲಿದೆ, ಎಸ್ಕಲೇಟರ್ ಹತ್ತಿಕೊಂಡು ಮೇಲೆ ಬರಬೇಕು. ಸಿಯೆನಾದಲ್ಲಿ ರೂಮು ಸಿಗದಿದ್ದರೆ ಹತ್ತಿರದ ಊರು ಪೊಜ್ಜಿಬೊನ್ಸಿ ಕಡೆ ನೋಡಿ, ಆದರೆ ರಾತ್ರಿ ಕೊನೆಯ ಗಾಡಿ ಎಷ್ಟಕ್ಕೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಆಗಸ್ಟ್ 15 ನಮಗೆ ಮಾತ್ರವಲ್ಲ, ಇಟಲಿಗೂ ರಾಷ್ಟ್ರೀಯ ರಜೆ. ಅವತ್ತು ಬಸ್ಸು ಕಡಿಮೆ, ಅಂಗಡಿ ಅರ್ಧಕ್ಕರ್ಧ ಮುಚ್ಚಿರುತ್ತವೆ.

## ಚೌಕದೊಳಗೆ

"ಎಷ್ಟು ಗಂಟೆಗೆ ಹೋಗಿ ನಿಂತ್ಕೋಬೇಕು? ಎಲ್ಲಿಂದ ಚೆನ್ನಾಗಿ ಕಾಣುತ್ತೆ?"

ಓಟ ಸಂಜೆ ಏಳು, ಏಳೂವರೆಯ ಹೊತ್ತಿಗೆ. ಕಟಕಟೆಗೆ ಒರಗಿ ನಿಲ್ಲಬೇಕೆಂದರೆ ಮಧ್ಯಾಹ್ನ ಎರಡಕ್ಕೇ ಹೋಗಬೇಕು, ಬಿಸಿಲಲ್ಲಿ ಬೇಯಬೇಕು. ಮೆರವಣಿಗೆ ಶುರುವಾಗುವ ಹೊತ್ತಿಗೆ ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತಾರೆ. ಕೊನೆಯವರೆಗೂ ತೆರೆದಿರುವುದು ವಿಯಾ ದುಪ್ರೆ ಬೀದಿಯ ಕಡೆಯದು. ಜನ ತುಂಬಿದರೆ ಅದನ್ನೂ ಮುಚ್ಚುತ್ತಾರೆ.

ಚೌಕ ಚಿಪ್ಪಿನ ಆಕಾರದ ಇಳಿಜಾರು. ಮೇಲ್ಭಾಗದ ಫೊಂತೆ ಗಾಯಾ ಕಾರಂಜಿಯ ಬಳಿ ನಿಂತರೆ ಮುಂದಿನವರ ತಲೆಯ ಮೇಲಿಂದ ಹೆಚ್ಚು ಭಾಗ ಕಾಣುತ್ತದೆ. ಅಲ್ಲಿಂದ ಪುರಭವನಕ್ಕೆ ಮುಖ ಮಾಡಿದರೆ ಬಲಗಡೆ ಓಟ ಶುರುವಾಗುವ ಜಾಗ, ಎಡಗಡೆ ಸಾನ್ ಮಾರ್ತೀನೊ ತಿರುವು. ಇಳಿಜಾರಿನಲ್ಲಿ ಧುಮುಕುತ್ತಾ ಒಮ್ಮೆಲೇ ಬಲಕ್ಕೆ ತಿರುಗಬೇಕಾದ ಜಾಗ ಅದು. ಗೋಡೆಗೆ ದಪ್ಪ ಹಾಸಿಗೆಗಳನ್ನು ಕಟ್ಟಿರುತ್ತಾರೆ. ಸವಾರರು ಹೆಚ್ಚಾಗಿ ಬೀಳುವುದು ಅಲ್ಲೇ. ತಿರುವನ್ನೇ ನೋಡಬೇಕೆಂದರೆ ಅಲ್ಲಿಗೆ ಹೋಗಿ, ಆದರೆ ಆಗ ಬೇರೆ ಏನೂ ಕಾಣುವುದಿಲ್ಲ.

ನೀರು ಪ್ಲಾಸ್ಟಿಕ್ ಬಾಟಲಿಯಲ್ಲಿ ಇರಲಿ, ಗಾಜು ಒಳಗೆ ಬಿಡುವುದಿಲ್ಲ. ಟೋಪಿ ಬೇಕು. ಒಳಗೆ ಶೌಚಾಲಯ ಇಲ್ಲ. ಈ ಒಂದು ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿ.

"ಅಕ್ಕಾ, ಅಪ್ಪ-ಅಮ್ಮಂಗೆ ಎಪ್ಪತ್ತಾಯ್ತು, ಮಗಳಿಗೆ ಆರು ವರ್ಷ. ಎಲ್ರನ್ನೂ ಕರ್ಕೊಂಡು ಹೋಗ್ಬಹುದಾ?"

ಓಟದ ದಿನ ಚೌಕದ ನಡುವಿಗೆ ಬೇಡಪ್ಪ. ಐದಾರು ಗಂಟೆ ನಿಂತೇ ಇರಬೇಕು, ಸುಲಭವಾಗಿ ಹೊರಗೆ ಬರಲು ಆಗುವುದಿಲ್ಲ. ಮಕ್ಕಳಿಗೆ ನಗರಸಭೆ ವಯಸ್ಸಿನ ಮಿತಿಯನ್ನೂ ಹಾಕುತ್ತದೆ. ಹೋಗುವ ವರ್ಷದ ಪ್ರಕಟಣೆ ನೋಡಿಕೊಳ್ಳಿ. ಬೆಳಗಿನ ಪ್ರೋವಾಕ್ಕೆ ಎಲ್ಲರನ್ನೂ ಕರೆದುಕೊಂಡು ಹೋಗಿ. ಒಂಬತ್ತರ ಹೊತ್ತಿಗೆ ತಂಪಿರುತ್ತದೆ, ಜನ ಕಡಿಮೆ, ಮಗಳು ಕುದುರೆಯನ್ನು ಹತ್ತಿರದಿಂದ ನೋಡುತ್ತಾಳೆ. ಓಟದ ಸಂಜೆ ಅಮ್ಮ-ಅಪ್ಪನ ಜೊತೆ ಯಾವುದಾದರೂ ಬಾರಿನ ಟಿವಿ ಮುಂದೆ ಕೂತು ನೋಡಿ. ಊರವರ ಮುಖ ಓದಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

"ಬೀದೀಲಿ ಸಾವಿರಾರು ಜನ ಕೂತು ಊಟ ಮಾಡ್ತಾರಂತೆ. ನಾವು ಹೋಗ್ಬಹುದಾ? ನಾವು ಪ್ಯೂರ್ ವೆಜ್."

ಓಟದ ಹಿಂದಿನ ರಾತ್ರಿ, 17ರಲ್ಲಿ ಆ ಸಲ ಓಡುವ ಹತ್ತೂ ಕೇರಿಗಳು ತಮ್ಮ ಬೀದಿಯಲ್ಲಿ ಉದ್ದಕ್ಕೂ ಮೇಜು ಹಾಕುತ್ತವೆ. ಕೆಲವು ಕೇರಿಗಳು ಹೊರಗಿನವರಿಗೂ ಒಂದಷ್ಟು ಜಾಗ ಮಾರುತ್ತವೆ. ಕೇರಿಯ ಕಚೇರಿಗೆ ಮುಂಚೆಯೇ ಬರೆದು ಕೇಳಬೇಕು. ಕುದುರೆ ಸವಾರನೂ ಕೇರಿಯ ಮುಖಂಡರೂ ತಲೆಮೇಜಿನಲ್ಲಿ ಕೂರುತ್ತಾರೆ, ಭಾಷಣ ಆಗುತ್ತದೆ, ಹಾಡು ಮಧ್ಯರಾತ್ರಿಯ ಆಚೆಗೂ ಹೋಗುತ್ತದೆ.

ಮೆನು ಒಂದೇ, ಅದರಲ್ಲಿ ಮಾಂಸ ಇದ್ದೇ ಇರುತ್ತದೆ. ಜಾಗ ಕಾದಿರಿಸುವಾಗಲೇ "ನಿಯೆಂತೆ ಕಾರ್ನೆ, ನಿಯೆಂತೆ ಪೆಶ್ಶೆ", ಅಂದರೆ ಮಾಂಸವೂ ಬೇಡ ಮೀನೂ ಬೇಡ, ಎಂದು ಹೇಳಿ. ಬರೀ ಸಸ್ಯಾಹಾರಿ ಎಂದರೆ ಮೀನು ತಿನ್ನುತ್ತೀರಿ ಎಂದುಕೊಳ್ಳುವವರೂ ಇದ್ದಾರೆ. ಊರಿನ ಹೋಟೆಲುಗಳಲ್ಲಿ ಪೀಚಿ ಕೇಳಿ: ಕೈಯಲ್ಲೇ ಹೊಸೆದ ದಪ್ಪ ಶಾವಿಗೆ, ಸಾಮಾನ್ಯವಾಗಿ ಹಿಟ್ಟು-ನೀರಿನದ್ದು, ಮೊಟ್ಟೆ ಹಾಕುವುದಿಲ್ಲ. ಬೆಳ್ಳುಳ್ಳಿ-ಟೊಮೆಟೊ ಸಾಸಿನ ಪೀಚಿ ನಮ್ಮ ನಾಲಿಗೆಗೆ ಒಗ್ಗುತ್ತದೆ. ಅದರ ಮೇಲೆ ಉದುರಿಸುವ ಪೆಕೊರೀನೊ ಚೀಸಿಗೆ ಹೆಚ್ಚಾಗಿ ಹಾಲು ಹೆಪ್ಪುಗಟ್ಟಿಸಲು ಕುರಿಮರಿಯ ಹೊಟ್ಟೆಯ ರೆನೆಟ್ ಬಳಸಿರುತ್ತಾರೆ, ಕಟ್ಟುನಿಟ್ಟಿನವರು ಬೇಡ ಎನ್ನಿ. ಸಿಹಿಯಲ್ಲಿ ಒಣಹಣ್ಣು-ಬಾದಾಮಿಯ ಗಟ್ಟಿ ಕೇಕಾದ ಪಾನ್‌ಫೋರ್ತೆ ತಿನ್ನಬಹುದು, ಬಾದಾಮಿ ಬಿಸ್ಕತ್ತಾದ ರಿಚ್ಚಾರೆಲ್ಲಿಯಲ್ಲಿ ಮೊಟ್ಟೆಯ ಬಿಳಿ ಇರುತ್ತದೆ.

"ಅಂಗಡೀಲಿ ಚೆಂದ ಚೆಂದದ ಸ್ಕಾರ್ಫ್ ಮಾರ್ತಾರೆ. ಒಂದು ಹಾಕ್ಕೊಂಡು ಓಡಾಡಿದ್ರೆ ತಪ್ಪಾ?"

ಕೊಂಡುಕೊಳ್ಳಿ, ಚೀಲದಲ್ಲಿ ಇಟ್ಟುಕೊಳ್ಳಿ. ಆ ನಾಲ್ಕು ದಿನ ಕುತ್ತಿಗೆಗೆ ಕಟ್ಟಿಕೊಳ್ಳಬೇಡಿ. ಅವು ಕೇರಿಗಳ ಬಣ್ಣದವು, ಹುಟ್ಟಿನಿಂದ ಆ ಕೇರಿಯವರಾದವರು ಮಾತ್ರ ಕಟ್ಟುತ್ತಾರೆ. ಹೆಬ್ಬಾತಿಗೂ ಗೋಪುರಕ್ಕೂ, ಆಮೆಗೂ ಬಸವನಹುಳಕ್ಕೂ, ಮುಳ್ಳುಹಂದಿಗೂ ಹೆಣ್ಣುತೋಳಕ್ಕೂ, ಚಿಪ್ಪಿಗೂ ಟಗರಿಗೂ ಹಳೆಯ ವೈರ. ಗೋಪುರದ ಬಣ್ಣ ಹಾಕಿಕೊಂಡು ಹೆಬ್ಬಾತಿನ ಓಣಿಯಲ್ಲಿ ನಡೆದರೆ ಹೊಡೆಯುವುದಿಲ್ಲ, ಆದರೆ ನೋಟದಲ್ಲೇ ಹೇಳುತ್ತಾರೆ. ಕೇರಿಯ ಜನ ಹಾಡುತ್ತಾ ಎದುರು ಬಂದರೆ ಗೋಡೆಗೆ ಸರಿದು ದಾರಿ ಬಿಡಿ; ಅವರ ಸಾಲಿನ ನಡುವೆ ಸೆಲ್ಫಿಗೆ ನುಗ್ಗಬೇಡಿ.

## ಒಳಗಿನ ವಿಚಾರ

"ಹದಿನೇಳು ಕೇರಿ ಇದ್ದ ಮೇಲೆ ಹತ್ತೇ ಕುದುರೆ ಓಡೋದು ಯಾಕೆ? ಒಳ್ಳೆ ಕುದುರೆ ತಾವೇ ತಂದ್ಕೊಳ್ಳಲ್ವಾ?"

ಹಾದಿ ಇಕ್ಕಟ್ಟು. 17 ಕುದುರೆ ಬಿಟ್ಟರೆ ಅನಾಹುತ ಎಂದು 18ನೇ ಶತಮಾನದಲ್ಲೇ ಹತ್ತಕ್ಕೆ ಇಳಿಸಿದರು. ಹಿಂದಿನ ವರ್ಷ ಅದೇ ತಿಂಗಳ ಓಟದಲ್ಲಿ ಓಡದ ಏಳು ಕೇರಿಗೆ ಈ ವರ್ಷ ಹಕ್ಕು. ಉಳಿದ ಮೂರನ್ನು ಚೀಟಿಯಲ್ಲಿ ಆರಿಸುತ್ತಾರೆ.

ಕುದುರೆ ಕೇರಿಯ ಸ್ವತ್ತಲ್ಲ. ಮಾಲೀಕರು ತಂದ ಕುದುರೆಗಳಲ್ಲಿ ಹತ್ತನ್ನು ಕೇರಿಗಳ ನಾಯಕರು ಕೂತು ಆರಿಸುತ್ತಾರೆ. ತಮಾಷೆ ಏನೆಂದರೆ, ತೀರಾ ಚುರುಕಾದ ಕುದುರೆಯನ್ನು ಎಷ್ಟೋ ಸಲ ಅವರೇ ಕೈಬಿಡುತ್ತಾರೆ, ವೈರಿಗೆ ಬಂದರೆ ಕಷ್ಟ ಎಂದು. ಚೀಟಿಯಲ್ಲಿ ಬಂದ ಕುದುರೆಯನ್ನು ಬದಲಿಸುವಂತಿಲ್ಲ. ಅದಕ್ಕೆ ಪೆಟ್ಟಾದರೆ ಆ ಕೇರಿ ಓಡುವುದೇ ಇಲ್ಲ. ಸವಾರನನ್ನು ಮಾತ್ರ ಓಟದ ದಿನದ ಬೆಳಗಿನವರೆಗೂ ಬದಲಿಸಬಹುದು. ಹೀಗಾಗಿ ಕುದುರೆಗೆ ಲಾಯದಲ್ಲಿ ಹಗಲೂ ರಾತ್ರಿ ಕಾವಲು, ಅದರ ಹತ್ತಿರ ಫೋಟೋಗೆ ಹೋದರೆ ಗದರಿಸುತ್ತಾರೆ. ಗದರಿಸಿಕೊಳ್ಳಿ, ಬೇಜಾರಾಗಬೇಡಿ.

"ಹಗ್ಗದ ಹಿಂದೆ ಅಷ್ಟೊತ್ತು ಗಿರಕಿ ಹೊಡೀತಾರಲ್ಲ, ಶುರು ಮಾಡೋಕೆ ಏನು ಕಷ್ಟ?"

ನನ್ನ ಪ್ರಕಾರ ಪಾಲಿಯೋದ ಜೀವ ಇರುವುದು ಅಲ್ಲೇ. ಎರಡು ದಪ್ಪ ಹಗ್ಗಗಳ ನಡುವೆ ಒಂಬತ್ತು ಕುದುರೆಗಳು ಸಾಲಾಗಿ ನಿಲ್ಲಬೇಕು. ಯಾರ ಪಕ್ಕ ಯಾರು ಎನ್ನುವುದು ಕೊನೆ ಗಳಿಗೆಯಲ್ಲಿ ತೆರೆಯುವ ಲಕೋಟೆಯಲ್ಲಿರುತ್ತದೆ. ಹತ್ತನೆಯ ಕುದುರೆ, ಅಂದರೆ ರಿಂಕೋರ್ಸಾ, ಹಿಂದೆ ಒಂಟಿಯಾಗಿರುತ್ತದೆ. ಅದು ಓಡಿಬಂದು ಒಳಗೆ ನುಗ್ಗಿದಾಗಲೇ ಮುಂದಿನ ಹಗ್ಗ ಬೀಳುವುದು. ಯಾವಾಗ ನುಗ್ಗಬೇಕು ಎನ್ನುವುದು ಆ ಸವಾರನ ಇಷ್ಟ.

ಈಗ ಲೆಕ್ಕ ಹಾಕಿ. ರಿಂಕೋರ್ಸಾದವನು ತನ್ನ ಮಿತ್ರನ ಕುದುರೆ ನೇರ ನಿಂತಾಗ, ವೈರಿಯ ಕುದುರೆ ತಿರುಗಿ ನಿಂತಾಗ ನುಗ್ಗಲು ಕಾಯುತ್ತಾನೆ. ಒಳಗಿನ ಒಂಬತ್ತು ಮಂದಿ ಅವನ ಕಡೆ ನೋಡುತ್ತಾ, ಪಿಸುಗುಡುತ್ತಾ, ಮಾತು ಕುದುರಿಸುತ್ತಾ ಇರುತ್ತಾರೆ. ವೈರಿ ಕೇರಿಯ ಸವಾರನಿಗೆ ಗೆಲ್ಲುವ ಕುದುರೆ ಇಲ್ಲದಿದ್ದರೆ ಅವನ ಕೆಲಸ ಒಂದೇ, ಪಕ್ಕದವನನ್ನು ನಿಲ್ಲಗೊಡದಿರುವುದು. ಓಟ ಬಿಡುವ ಅಧಿಕಾರಿ, ಮೊಸ್ಸಿಯೇರೆ, ಸಾಲು ಕೆಟ್ಟರೆ ಎಲ್ಲರನ್ನೂ ಹೊರಗೆ ಕಳಿಸಿ ಮತ್ತೆ ಕರೆಯುತ್ತಾನೆ. ಐದು ನಿಮಿಷಕ್ಕೂ ಮುಗಿಯಬಹುದು, ಒಂದು ಗಂಟೆಯೂ ಹಿಡಿಯಬಹುದು, ಕತ್ತಲಾದರೆ ನಾಳೆಗೂ ಹೋಗಬಹುದು. ಆಗ ಸವಾರರ ನಡುವೆ ಕುದುರುತ್ತಿರುವುದು ಅರವತ್ತು ಸಾವಿರ ಯೂರೋ ಮಾತೋ ಆರು ಸಾವಿರದ ಮಾತೋ ಎಂದು ಪಕ್ಕದಲ್ಲಿದ್ದ ಅಜ್ಜನನ್ನು ಕೇಳಬೇಡಿ. ಒಂದೊಂದೇ ಕೇರಿಯ ಹೆಸರು ಹೇಳಿ ಕರೆಯುವಾಗ ಜನ ಹೇಗೆ ಮೌನವಾಗುತ್ತಾರೆ, ಆ ಮೌನ ಹೇಗೆ ಒಡೆಯುತ್ತದೆ, ಅದನ್ನು ಕೇಳಿಸಿಕೊಳ್ಳಿ.

"ಹಾಗಾದ್ರೆ ಲಂಚ ಕೊಟ್ಟು ಗೆಲ್ತಾರೆ ಅನ್ನಿ!"

ಅನ್ನಬಹುದು, ಆದರೆ ಅಲ್ಲಿ ಅದು ಗುಟ್ಟಾದ ಪಾಪವಲ್ಲ, ಆಟದ ಭಾಗ. ಕೇರಿ ಕೇರಿಗಳ ನಡುವಿನ ಒಪ್ಪಂದಕ್ಕೆ ಪಾರ್ತೀತೊ ಎನ್ನುತ್ತಾರೆ. ಸವಾರರು ಕೇರಿಯವರಲ್ಲ, ಕೂಲಿಗೆ ಬಂದವರು, ಹಲವರು ಸಾರ್ಡೀನಿಯಾ ದ್ವೀಪದವರು. ಓಟದಲ್ಲಿ ಒಬ್ಬರನ್ನೊಬ್ಬರು ಚಾಟಿಯಿಂದ ಬಾರಿಸುವುದಕ್ಕೂ ಅವಕಾಶ ಇದೆ. ಆಚೆತೊ ಎಂಬ ಅಡ್ಡಹೆಸರಿನ ಆಂದ್ರೆಯಾ ದೆಗೋರ್ತೆಸ್ 14 ಸಲ ಗೆದ್ದವರು. ಅವರನ್ನು ಆರಾಧಿಸಿದ ಬೀದಿಗಳೇ ಶಪಿಸಿದ್ದೂ ಉಂಟು. ಎಷ್ಟೇ ಒಪ್ಪಂದವಾದರೂ ಕುದುರೆಯ ಜೊತೆ ಯಾರೂ ಮಾತಾಡಿಕೊಳ್ಳಲು ಆಗಿಲ್ಲ.

"ಸವಾರ ಬಿದ್ದೋದ್ರೂ ಕುದುರೆ ಗೆಲ್ಲುತ್ತಂತೆ, ನಿಜಾನಾ?"

ನಿಜ. ಗೆಲ್ಲುವುದು ಕುದುರೆ. 2018ರ ಅಕ್ಟೋಬರಿನ ವಿಶೇಷ ಪಾಲಿಯೋವನ್ನು ಆಮೆ ಕೇರಿಗೆ ಗೆದ್ದುಕೊಟ್ಟದ್ದು ಸವಾರನಿಲ್ಲದ ರೆಮೊರೆಕ್ಸ್.

"ಕುದುರೇನ ಚರ್ಚ್ ಒಳಗೆ ಕರ್ಕೊಂಡು ಹೋಗ್ತಾರಾ? ನಾವು ನೋಡ್ಬಹುದಾ?"

ಓಟದ ದಿನ ಮಧ್ಯಾಹ್ನ ಪ್ರತಿ ಕೇರಿಯೂ ತನ್ನ ಕುದುರೆಯನ್ನು ತನ್ನ ಚರ್ಚಿಗೆ ಕರೆದೊಯ್ಯುತ್ತದೆ. ಪಾದ್ರಿ ಕುದುರೆಗೂ ಸವಾರನಿಗೂ ಆಶೀರ್ವಾದ ಮಾಡಿ, ಹೋಗು, ಗೆದ್ದು ಬಾ ಎನ್ನುತ್ತಾರೆ. ಕುದುರೆ ಅಲ್ಲೇ ಲದ್ದಿ ಹಾಕಿದರೆ ಶುಭಶಕುನ. ಜಾಗ ಪುಟ್ಟದು, ಕೇರಿಯವರೇ ತುಂಬಿರುತ್ತಾರೆ. ಬೇಗ ಹೋಗಿ ಬಾಗಿಲ ಬಳಿ ಕೇಳಿ. ಬಿಟ್ಟರೆ ಫ್ಲ್ಯಾಶ್ ಆರಿಸಿ, ಉಸಿರೂ ಮೆಲ್ಲಗೆ. ಕುದುರೆ ಬೆದರುತ್ತದೆ ಎಂದು ಅಲ್ಲಿ ಚಪ್ಪಾಳೆಯನ್ನೂ ತಟ್ಟುವುದಿಲ್ಲ.

"ಕುದುರೆಗಳಿಗೆ ಹಿಂಸೆ ಅಲ್ವಾ ಇದು? ನೋಡೋಕೆ ಹೋಗೋದೇ ತಪ್ಪಲ್ವಾ?"

ಕುದುರೆಗಳು ಬಿದ್ದಿವೆ, ಸತ್ತಿವೆ. 2018ರಲ್ಲಿ ರಾವೊಲ್ ಎಂಬ ಕುದುರೆ ಗಾಯಗೊಂಡು ಸತ್ತಿತು. ಪ್ರಾಣಿದಯಾ ಸಂಘಗಳು ಇದನ್ನು ನಿಲ್ಲಿಸಿ ಎಂದು ಬಹುಕಾಲದಿಂದ ಕೇಳುತ್ತಿವೆ. ಊರಿನವರ ಉತ್ತರ ಹೀಗೆ: ನಾಜೂಕಾದ ಥರೋಬ್ರೆಡ್ ತಳಿಯನ್ನು ಬಿಟ್ಟು ಮಿಶ್ರತಳಿಗಳನ್ನು ಮಾತ್ರ ಓಡಿಸುತ್ತೇವೆ, ಪಶುವೈದ್ಯರ ತಪಾಸಣೆ ಕಠಿಣವಾಗಿದೆ, ತಿರುವುಗಳಿಗೆ ಹಾಸಿಗೆ ಕಟ್ಟುತ್ತೇವೆ, ಓಡಲಾಗದ ಕುದುರೆಗಳಿಗೆ ವಿಶ್ರಾಂತಿಧಾಮ ಇದೆ. ಇವೆಲ್ಲ ನಿಜ, ಸಾನ್ ಮಾರ್ತೀನೊ ತಿರುವು ಇಂದಿಗೂ ಅಷ್ಟೇ ಕಡಿದಾಗಿರುವುದೂ ನಿಜ.

ಕಂಬಳದ ವಾದ ಕೇಳಿ ಬೆಳೆದ ನಮಗೆ ಎರಡೂ ಕಡೆಯ ಮಾತು ಹೊಸದಲ್ಲ. 2014ರ ತೀರ್ಪು, 2017ರ ತಿದ್ದುಪಡಿ, 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು, ಎಲ್ಲ ನೋಡಿದ್ದೇವೆ. ಆದರೆ ಕೋಣ ನೆಟ್ಟಗೆ ಕೆಸರಲ್ಲಿ ಓಡುತ್ತದೆ, ಇಲ್ಲಿ ಕುದುರೆ ಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ತಿರುಗಬೇಕು. ಅಪಾಯ ಹೆಚ್ಚೆಂದೇ ನನ್ನ ಅನಿಸಿಕೆ. ನಾನು ಹೋಗುತ್ತೇನೆ, ಮನಸ್ಸು ಪೂರ್ತಿ ಒಪ್ಪಿದೆ ಎಂದು ಹೇಳಲಾರೆ. ಕುದುರೆ ಬೀಳುವುದನ್ನು ನೋಡಲಾರೆ ಎನ್ನುವವರು ಪ್ರೋವಾಗಳನ್ನೂ ಊಟವನ್ನೂ ನೋಡಿ, ಓಟದ ಸಂಜೆ ಊರ ಹೊರಗೆ ನಡೆದಾಡಿ ಬನ್ನಿ.

"ಗೆದ್ದವರಿಗೆ ಎಷ್ಟು ದುಡ್ಡು ಬರುತ್ತೆ?"

ಬರುವುದಿಲ್ಲ, ಹೋಗುತ್ತದೆ. ಸವಾರನಿಗೆ, ಒಪ್ಪಂದ ಮಾಡಿಕೊಂಡವರಿಗೆ, ತಿಂಗಳುಗಟ್ಟಲೆಯ ಊಟಗಳಿಗೆ ಗೆದ್ದ ಕೇರಿಯೇ ತೆರಬೇಕು. ಸಿಗುವುದು ಆ ಓಟಕ್ಕೆಂದೇ ಒಬ್ಬ ಕಲಾವಿದ ರೇಷ್ಮೆಯ ಮೇಲೆ ಬರೆದ ಪತಾಕೆ. ಅದನ್ನು ಹೊತ್ತು ಜುಲೈಯಲ್ಲಿ ಪ್ರೊವೆನ್‌ತ್ಸಾನೊ ಚರ್ಚಿಗೆ, ಆಗಸ್ಟಿನಲ್ಲಿ ದೊಡ್ಡ ಚರ್ಚಿಗೆ ಓಡುತ್ತಾರೆ. ಗಡ್ಡಬಂದ ಗಂಡಸರು ಬಾಯಲ್ಲಿ ಕೂಸಿನ ನಿಪ್ಪಲ್ ಇಟ್ಟುಕೊಂಡು ಕುಣಿಯುತ್ತಾರೆ, ಕೇರಿ ಮರುಹುಟ್ಟು ಪಡೆಯಿತು ಎಂದು. ಗೋಪುರ ಕೇರಿ 1961ರ ನಂತರ 2005ರವರೆಗೆ ಕಾದಿತ್ತು. ಅಂಥ ಕಡೆ ಗೆಲುವಿನ ರಾತ್ರಿ ಹೇಗಿದ್ದಿರಬಹುದು ಎಂದು ಊಹಿಸಿಕೊಳ್ಳಿ. ಇನ್ನು ಎರಡನೆಯ ಸ್ಥಾನಕ್ಕೆ ಸಮಾಧಾನವಿಲ್ಲ, ಅದಕ್ಕಿಂತ ಕೊನೆಯಲ್ಲಿ ಬರುವುದೇ ಮೇಲು ಎನ್ನುತ್ತಾರೆ. ಅದಕ್ಕೂ ಕೆಟ್ಟದ್ದು ವೈರಿ ಗೆಲ್ಲುವುದು.

"ನಮಗೆ ರಜೆ ಸಿಗೋದು ದಸರಾಕ್ಕೆ. ಆಗ ಸಿಯೆನಾಕ್ಕೆ ಹೋದ್ರೆ ಏನಾದ್ರೂ ಕಾಣುತ್ತಾ?"

ಕಾಣುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಗೆದ್ದ ಕೇರಿಯ ವಿಜಯದ ಊಟ ನಡೆಯುತ್ತದೆ. ಗೆದ್ದ ಕುದುರೆಗೂ ಅಲ್ಲಿ ತನ್ನದೇ ಮೇಜು, ಅದರ ಮೇಲೆ ಅದರದೇ ಮೇವು. ಬೀದಿಯ ಗೋಡೆಗಳಲ್ಲಿ ಕೇರಿಯ ಗಡಿ ತೋರಿಸುವ ಚಿಹ್ನೆಗಳನ್ನು ಹುಡುಕಿಕೊಂಡು ನಡೆದರೆ ಒಂದು ದಿನ ಕಳೆಯುವುದೇ ಗೊತ್ತಾಗುವುದಿಲ್ಲ. ಗೆದ್ದ ಪತಾಕೆಗಳೆಲ್ಲ ಕೇರಿಗಳ ಮ್ಯೂಸಿಯಂಗಳಲ್ಲಿವೆ. ಅವು ದಿನವೂ ತೆರೆದಿರುವುದಿಲ್ಲ, ಒಂದೆರಡು ವಾರ ಮುಂಚೆ ಕೇರಿಗೆ ಬರೆದರೆ ಯಾರಾದರೂ ಒಬ್ಬರು ಹಿರಿಯರು ಬೀಗದ ಕೈ ಹಿಡಿದು ಬರುತ್ತಾರೆ. ಅವರನ್ನು ಕಳೆದ ಓಟದ ಬಗ್ಗೆ ಕೇಳಿ, ಆಮೇಲೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.